ನಿಂತ ಹುದುಗುವಿಕೆ ಮತ್ತು ಶಕ್ತಿಯ ಪ್ರಶ್ನೆ

ಕಾರಣಗಳೆಲ್ಲ ಕೂಡಿಬಂದಿದ್ದರೂ ಕಾರ್ಯ ಹುಟ್ಟದೆ ನಿಂತುಹೋದಾಗ ಆ ಕಾರಣಗಳಲ್ಲಿ ಯಾವುದು ಕುಂದಿದೆಯೆಂದು ಹೇಳಬೇಕು ಎಂಬ ಪ್ರಶ್ನೆಯು ಭಾರತೀಯ ದರ್ಶನಗಳ ಚರಿತ್ರೆಯಲ್ಲಿ ಮೀಮಾಂಸಕರನ್ನೂ ನೈಯಾಯಿಕರನ್ನೂ ಹಲವು ಶತಮಾನಗಳ ಕಾಲ ಎದುರುಬದುರಾಗಿ ನಿಲ್ಲಿಸಿದೆ. ಇಬ್ಬರೂ ಒಪ್ಪಿಕೊಂಡಿದ್ದ ದೃಷ್ಟಾಂತ ಬೆಂಕಿಯದು. ಉರಿಯುವ ಬೆಂಕಿಯ ಬಳಿ ಒಂದು ಬಗೆಯ ಮಣಿಯನ್ನಿಟ್ಟರೆ ಅದು ಬೆಂಕಿಯಾಗಿಯೇ ಕಂಡರೂ ಸುಡುವುದಿಲ್ಲ, ಮಣಿಯನ್ನು ತೆಗೆದೊಡನೆ ಮತ್ತೆ ಸುಡುತ್ತದೆ, ಆ ಮಣಿಯನ್ನು ತೆಗೆಯದೆ ಇನ್ನೊಂದು ಮಣಿಯನ್ನು ಪಕ್ಕಕ್ಕಿಟ್ಟರೂ ಸುಡುತ್ತದೆ ಎಂದು ಅವರು ಭಾವಿಸಿದ್ದರು. ಕಾರ್ಯವನ್ನು ತಡೆಯುವ ಮೊದಲ ಮಣಿ ಪ್ರತಿಬಂಧಕ, ತಡೆಯಿದ್ದರೂ ಕಾರ್ಯವನ್ನು ಮರಳಿ ನಡೆಸುವ ಎರಡನೆಯದು ಉತ್ತೇಜಕ. ಕಣ್ಣಿಗೆ ಕಾಣುವ ಬೆಂಕಿಯಲ್ಲಿ ಯಾವ ಬದಲಾವಣೆಯೂ ಆಗಿಲ್ಲದಿರುವುದರಿಂದ ಕಾಣದ ಏನೋ ಒಂದು ಅದರಲ್ಲಿ ಅಳಿದಿರಬೇಕು, ಅದೇ ಶಕ್ತಿ ಎಂಬುದು ಮೀಮಾಂಸಕರ ವಾದ. ಪ್ರಾಭಾಕರ ಸಂಪ್ರದಾಯವಂತೂ ದ್ರವ್ಯ, ಗುಣ ಮೊದಲಾದವುಗಳ ಸಾಲಿನಲ್ಲಿ ಶಕ್ತಿಗೆ ಪ್ರತ್ಯೇಕ ಪದಾರ್ಥದ ಸ್ಥಾನವನ್ನೇ ಕೊಟ್ಟಿತು. ಮಣಿಯನ್ನು ಇಟ್ಟಾಗಲೆಲ್ಲ ಒಂದು ಶಕ್ತಿ ಸಾಯುತ್ತದೆ, ತೆಗೆದಾಗಲೆಲ್ಲ ಹೊಸದೊಂದು ಹುಟ್ಟುತ್ತದೆ ಎಂದು ಕಲ್ಪಿಸುವುದಕ್ಕಿಂತ ಮಣಿಯ ಇಲ್ಲದಿರುವಿಕೆಯನ್ನೇ ಸುಡುವುದಕ್ಕೆ ಒಂದು ಕಾರಣವೆಂದು ಎಣಿಸಿದರೆ ಸಾಕು ಎಂದು ನೈಯಾಯಿಕರು ಉತ್ತರಿಸಿದರು. ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಬೆಳೆಸಿದ ಈ ಉತ್ತರವು 17ನೇ ಶತಮಾನದ ವಿಶ್ವನಾಥರ ಸಿದ್ಧಾಂತಮುಕ್ತಾವಳಿಯ ಹೊತ್ತಿಗೆ ತುಂಬ ನಯವಾದ ರೂಪವನ್ನು ಪಡೆಯಿತು: ಉತ್ತೇಜಕವಿಲ್ಲದ ಮಣಿಯ ಅಭಾವವೇ ಕಾರಣ, ಆದ್ದರಿಂದ ಎರಡು ಮಣಿಗಳೂ ಒಟ್ಟಿಗಿರುವಾಗ ಬೆಂಕಿ ಸುಟ್ಟರೆ ಅದರಲ್ಲಿ ವಿರೋಧವೇನೂ ಇಲ್ಲ.

ಈ ವಾದದ ಸೂಕ್ಷ್ಮತೆಯನ್ನು ಎಷ್ಟು ಮೆಚ್ಚಿದರೂ ಕಡಿಮೆಯೇ. ಆದರೆ ಅಂಥ ಮಣಿಯನ್ನು ಕೈಗೆ ತೆಗೆದುಕೊಂಡು ಪರೀಕ್ಷಿಸುವ ದಾರಿ ಇಲ್ಲದ್ದರಿಂದ ಇಡೀ ಚರ್ಚೆಯು ಯಾರ ಕಲ್ಪನೆಯಲ್ಲಿ ಲಾಘವವಿದೆ, ಯಾರದರಲ್ಲಿ ಗೌರವವಿದೆ, ಅಂದರೆ ಯಾರು ಕಡಿಮೆ ಸಂಗತಿಗಳನ್ನು ಊಹಿಸಿ ವಿಷಯವನ್ನು ವಿವರಿಸಬಲ್ಲರು ಎಂಬ ತೂಗುವಿಕೆಯಲ್ಲಿಯೇ ಉಳಿಯಿತು. ಕಾರ್ಯವು ನಿಜವಾಗಿಯೇ ನಡುವೆ ನಿಲ್ಲುವ, ನಿಂತದ್ದನ್ನು ಮರಳಿ ನಡೆಸಲು ಬರುವ, ನಡೆಸುವಾಗ ಯಾವುದು ತಡೆಯಾಗಿತ್ತೆಂದು ಒಂದೊಂದಾಗಿ ಬಿಡಿಸಿ ನೋಡಬಹುದಾದ ಒಂದು ದೃಷ್ಟಾಂತ ದೊರೆತರೆ ಚರ್ಚೆ ಮುಂದಕ್ಕೆ ಸರಿಯಬಹುದು. ಮನೆಯಲ್ಲಿ ಬಿಯರ್ ತಯಾರಿಸುವವರು ಎದುರಿಸುವ, ನಡುವೆಯೇ ನಿಂತುಹೋದ ಹುದುಗುವಿಕೆ ಅಂಥದ್ದು. ಬ್ರಿಟನ್ನಿನಲ್ಲಿ ಮನೆ ಬಳಕೆಯ ಬಿಯರಿಗೆ ಪರವಾನಗಿ ಬೇಕೆಂಬ ನಿಯಮ 1963ರಲ್ಲಿ ರದ್ದಾದ ಮೇಲೆ, ಅಮೆರಿಕದಲ್ಲಿ 1978ರ ಕಾನೂನು ಅದಕ್ಕೆ ಒಕ್ಕೂಟದ ಮಟ್ಟದಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಈ ಕಸುಬು ಅಲ್ಲಿನ ಅಡುಗೆಮನೆಗಳಲ್ಲಿ ಬೇರುಬಿಟ್ಟಿದೆ. ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸಲು ಅವಕಾಶವಿಲ್ಲದ ಕರ್ನಾಟಕದ ಓದುಗರಿಗೆ ಇದರ ವಿವರಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನೆನೆಸಿಟ್ಟಾಗ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹಾಗೆ ಬಸಿದ ಸಿಹಿ ದ್ರವಕ್ಕೆ ವರ್ಟ್ ಎಂದು ಹೆಸರು. ಅದನ್ನು ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳೊಂದಿಗೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಸಕ್ಕರೆ ಕರಗಿರುವ ದ್ರವ ನೀರಿಗಿಂತ ಸಾಂದ್ರವಾದ್ದರಿಂದ ಈ ಮಾರ್ಪಾಟು ಎಲ್ಲಿಯವರೆಗೆ ಬಂತೆಂಬುದನ್ನು ಹೈಡ್ರೋಮೀಟರ್ ಎಂಬ ತೇಲುಗೊಳವೆಯಿಂದ ಅಳೆಯಬಹುದು. ಆರಂಭದಲ್ಲಿ 1.050 ಇದ್ದ ಸಾಂದ್ರತೆ ಸಾಮಾನ್ಯವಾಗಿ 1.012ರ ಆಸುಪಾಸಿಗೆ ಇಳಿದು ನಿಲ್ಲುತ್ತದೆ. ಅದು 1.025ರಲ್ಲಿಯೇ ನಿಂತು ದಿನಗಳು ಕಳೆದರೂ ಇಳಿಯದಿದ್ದರೆ ಹುದುಗುವಿಕೆ ನಿಂತುಹೋಗಿದೆಯೆಂದು ಶಂಕಿಸುತ್ತಾರೆ.

ಶಂಕಿಸುತ್ತಾರೆ ಎಂಬುದೇ ಇಲ್ಲಿ ಸರಿಯಾದ ಮಾತು, ಏಕೆಂದರೆ ಕೆಲಸ ಮುಗಿಸಿ ಸುಮ್ಮನಾದ ಪಾತ್ರೆಗೂ ತಡೆಯುಂಟಾಗಿ ಸುಮ್ಮನಾದ ಪಾತ್ರೆಗೂ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸವಿಲ್ಲ. ಮುಚ್ಚಳದ ಮೇಲಿನ ಗಾಳಿಕೊಳವೆಯಲ್ಲಿ ಗುಳ್ಳೆ ಬರದಿರುವುದು ಏನನ್ನೂ ಸಾಧಿಸುವುದಿಲ್ಲ. ಮುಚ್ಚಳ ಸಡಿಲವಾಗಿದ್ದರೆ ಹುದುಗುವಿಕೆ ಭರದಿಂದ ನಡೆಯುತ್ತಿದ್ದರೂ ಗುಳ್ಳೆ ಕಾಣದು, ಬಿಸಿಲೇರಿ ಕರಗಿದ ಅನಿಲ ಹೊರಬಿದ್ದರೆ ಹುದುಗುವಿಕೆ ಇಲ್ಲದಿದ್ದರೂ ಗುಳ್ಳೆ ಕಾಣುತ್ತದೆ. ಕಾಣದಿರುವುದರಿಂದ ಇಲ್ಲವೆಂದು ತಿಳಿಯಬೇಕಾದರೆ ಆ ವಸ್ತು ಅಲ್ಲಿದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಇರಬೇಕೆಂದು ಅನುಪಲಬ್ಧಿಯ ಬಗ್ಗೆ ಬರೆದ ಶಾಸ್ತ್ರಕಾರರು ವಿಧಿಸಿದ ನಿಯಮವು ಈ ಪಾತ್ರೆಯ ಮುಂದೆ ಅಕ್ಷರಶಃ ಬೇಕಾಗುತ್ತದೆ. ಇದಕ್ಕೆ ನುರಿತವರು ಮಾಡುವ ಪರೀಕ್ಷೆ ಸರಳವಾದರೂ ತರ್ಕದ ದೃಷ್ಟಿಯಿಂದ ಗಟ್ಟಿಯಾದದ್ದು: ಅದೇ ವರ್ಟಿನ ಒಂದು ಪುಟ್ಟ ಪಾಲನ್ನು ಬೇರೆ ತೆಗೆದು, ಅದಕ್ಕೆ ಧಾರಾಳವಾಗಿ ಯೀಸ್ಟ್ ಹಾಕಿ, ಬೆಚ್ಚಗೆ ಇಟ್ಟು, ಆಗಾಗ ಅಲುಗಿಸುತ್ತ ಅದು ಯಾವ ಸಾಂದ್ರತೆಯಲ್ಲಿ ನಿಲ್ಲುವುದೆಂದು ನೋಡುತ್ತಾರೆ. ತಡೆಗಳನ್ನೆಲ್ಲ ತೆಗೆದ ಆ ಪಾಲು ಕೂಡ 1.025ರಲ್ಲಿ ನಿಂತರೆ ದೊಡ್ಡ ಪಾತ್ರೆಯಲ್ಲಿ ನಿಂತದ್ದು ಏನೂ ಇಲ್ಲ, ಕಾರ್ಯ ಮುಗಿದಿದೆ, ಅದು 1.012ಕ್ಕೆ ಇಳಿದರೆ ದೊಡ್ಡ ಪಾತ್ರೆಯಲ್ಲಿ ಇನ್ನೂ ಆಗಬೇಕಾದ ಕಾರ್ಯವಿದೆ ಎಂದು ನಿಶ್ಚಯವಾಗುತ್ತದೆ. ಈ ನಿಶ್ಚಯವಿಲ್ಲದೆ ಸೀಸೆಗೆ ತುಂಬುವುದು ಅಪಾಯಕರ, ಏಕೆಂದರೆ ಉಳಿದ ಸಕ್ಕರೆ ಮುಂದೊಂದು ದಿನ ಮುಚ್ಚಿದ ಸೀಸೆಯೊಳಗೆ ಹುದುಗತೊಡಗಿದರೆ ಗಾಜು ಸಿಡಿದು ಕೈಕಣ್ಣುಗಳಿಗೆ ಗಾಯವಾಗಬಲ್ಲದು.

ತಡೆಯ ಬಗೆಗಳನ್ನು ಬಿಡಿಸಿ ನೋಡಿದಾಗ ಮಣಿಯ ದೃಷ್ಟಾಂತದಲ್ಲಿ ಒಂದಾಗಿ ಕಂಡದ್ದು ಹಲವಾಗಿ ಒಡೆಯುತ್ತದೆ. ಕೋಣೆ ಬೆಚ್ಚಗಿದ್ದಾಗ, ಸುಮಾರು 18ರಿಂದ 22 ಡಿಗ್ರಿಯಲ್ಲಿ, ಚುರುಕಾಗಿದ್ದ ಏಲ್ ಜಾತಿಯ ಯೀಸ್ಟ್ ರಾತ್ರಿಯ ಚಳಿಗೆ ದ್ರವ ತಣ್ಣಗಾದಾಗ ಹರಳುಗಟ್ಟಿದಂತೆ ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಇಳಿದುಬಿಡುತ್ತದೆ. ಪಾತ್ರೆಯನ್ನು ಮತ್ತೆ ಬೆಚ್ಚಗಿನ ಕಡೆಗೆ ಸರಿಸಿ, ಗಾಳಿ ಬೆರೆಯದಂತೆ ಮೆಲ್ಲನೆ ತಿರುಗಿಸಿ ತಳದ ಯೀಸ್ಟನ್ನು ಎಬ್ಬಿಸಿದರೆ ಎಷ್ಟೋ ವೇಳೆ ಕಾರ್ಯ ಮುಂದುವರಿಯುತ್ತದೆ. ಇದು ನೈಯಾಯಿಕರ ಮಾತಿಗೆ ಹೊಂದುವ ಪ್ರಕರಣ: ಚಳಿ ಪ್ರತಿಬಂಧಕ, ಅದು ಹೋಯಿತು, ಕಾರ್ಯ ನಡೆಯಿತು, ನಡುವೆ ಶಕ್ತಿಯೊಂದು ಸತ್ತು ಹುಟ್ಟಿತೆಂದು ಹೇಳುವ ಅಗತ್ಯವಿಲ್ಲ. ಮಾಲ್ಟನ್ನು ನೆನೆಸುವ ನೀರಿನ ಬಿಸಿ 70 ಡಿಗ್ರಿಯ ಕಡೆಗೆ ಏರಿದ್ದರೆ ಕತೆ ಬೇರೆ. ಆ ಬಿಸಿಗೆ ಒಂದು ಕಿಣ್ವ ಬೇಗನೆ ಕೆಟ್ಟು, ಸಾಮಾನ್ಯ ಬಿಯರ್ ಯೀಸ್ಟ್ ಬಳಸಿಕೊಳ್ಳಲಾರದ ಉದ್ದ ಸರಪಳಿಯ ಡೆಕ್ಸ್‌ಟ್ರಿನ್‌ಗಳು ಹೆಚ್ಚಾಗಿ ಉಳಿದುಬಿಡುತ್ತವೆ. ಇಲ್ಲಿ ತಡೆಯೂ ಇಲ್ಲ, ಶಕ್ತಿನಾಶವೂ ಇಲ್ಲ; ಕಾರ್ಯವಾಗಿ ಪರಿಣಮಿಸಬೇಕಾದ ಉಪಾದಾನದ್ರವ್ಯವೇ ಇಲ್ಲ, ಅಂದರೆ ಮಡಕೆಗೆ ಮಣ್ಣೇ ಇಲ್ಲ. ಹೊಸ ಯೀಸ್ಟನ್ನು ಎಷ್ಟು ಸುರಿದರೂ ಅದು ಕೆಲಸ ಮಾಡದಿರುವುದರಿಂದಲೇ ಈ ಭೇದ ಸಾಬೀತಾಗುತ್ತದೆ.

ಮೂರನೆಯ ಬಗೆಯೇ ಈ ಚರ್ಚೆಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹುದುಗುವಿಕೆಗೆ ಆಮ್ಲಜನಕ ಬೇಡವೆಂಬುದು ಪ್ರಸಿದ್ಧ, ಆದರೆ ಯೀಸ್ಟ್ ತನ್ನ ಜೀವಕೋಶದ ಪೊರೆಗೆ ಬೇಕಾದ ಸ್ಟೆರಾಲ್ ಮತ್ತು ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಕಟ್ಟಿಕೊಳ್ಳಲು ಮೊದಲ ಕೆಲವು ಗಂಟೆಗಳಲ್ಲಿ ಆಮ್ಲಜನಕ ಬೇಕೇ ಬೇಕು. ವರ್ಟಿನಲ್ಲಿ ಅದು ದಶಲಕ್ಷಕ್ಕೆ 8ರಿಂದ 10 ಭಾಗದಷ್ಟಿರಲಿ ಎಂದು ತಯಾರಕರು ಬಯಸುತ್ತಾರೆ. ಆಗ ಸಂಗ್ರಹವಾದ ಈ ದ್ರವ್ಯವು ಯೀಸ್ಟ್ ಮೊಗ್ಗೊಡೆದು ಹೆಚ್ಚುವಾಗ ತಾಯಿಕೋಶದಿಂದ ಮರಿಕೋಶಗಳಿಗೆ ಹಂಚಿಹೋಗುತ್ತ ತೆಳುವಾಗುತ್ತದೆ. ಸಂಗ್ರಹ ಸಾಲದಿದ್ದರೆ ಮೊದಲ ದಿನಗಳಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ; ಆಲ್ಕೋಹಾಲ್ ಏರಿದ ಮೇಲೆ, ತೆಳುವಾದ ಪೊರೆ ಅದನ್ನು ತಾಳಲಾರದೆ, ಇನ್ನೂ ಬೇಕಾದಷ್ಟು ಸಕ್ಕರೆಯಿದ್ದರೂ ಕೋಶಗಳು ಸೋತು ನಿಲ್ಲುತ್ತವೆ. ಮೊದಲ ದಿನದ ಕೊರತೆಯ ಫಲ ಎಂಟು ಹತ್ತು ದಿನಗಳ ನಂತರ ಕಾಣುವ ಈ ಸಂದರ್ಭದಲ್ಲಿ ಪಾತ್ರೆಯನ್ನು ಬೆಚ್ಚಗಿಟ್ಟರೂ ಅಲುಗಿಸಿದರೂ ಪ್ರಯೋಜನವಿಲ್ಲ. ಆಮ್ಲಜನಕವನ್ನೇ ಈಗ ಬೆರೆಸೋಣವೆಂದರೆ ಅದು ಬಿಯರಿನ ರುಚಿಯನ್ನು ಕೆಡಿಸುತ್ತದೆ. ಮೊದಲ ದಿನ ಸಹಕಾರಿಯಾಗಿದ್ದದ್ದು ಹತ್ತನೆಯ ದಿನ ವಿರೋಧಿಯಾಗಿ ನಿಲ್ಲುತ್ತದೆ.

ಯಜ್ಞ ಇಂದು ನಡೆದು ಸ್ವರ್ಗ ಎಂದೋ ದೊರೆಯುವಾಗ ನಡುವಿನ ಕಾಲವನ್ನು ದಾಟಿಸುವುದಕ್ಕೆಂದು ಮೀಮಾಂಸಕರು ಅಪೂರ್ವವೆಂಬ ಕಾಣದ ಸಂಸ್ಕಾರವನ್ನು ಒಪ್ಪಿದ್ದರು. ಅವರ ಶಕ್ತಿವಾದಕ್ಕೂ ಇದಕ್ಕೂ ಒಂದೇ ಬೇರು: ನಡೆದುಹೋದದ್ದು ಯಾವುದೋ ರೂಪದಲ್ಲಿ ಉಳಿದಿರಲೇಬೇಕು, ಆ ಉಳಿಕೆ ಕಾರಣದ ಒಳಗೇ ಇರಬೇಕು. ಸೋತ ಯೀಸ್ಟಿನಲ್ಲಿ ಅಂಥ ಉಳಿಕೆಯಿದೆ. ಅದು ಕಾಣದ ಪದಾರ್ಥವಲ್ಲ, ಪೊರೆಯಲ್ಲಿರುವ, ಅಳೆಯಬಹುದಾದ ಸ್ಟೆರಾಲ್. ಶಕ್ತಿ ಎಂದು ಹೆಸರಿಟ್ಟದ್ದೆಲ್ಲ ಬಿಡಿಸಿದಾಗ ದೃಷ್ಟವಾದ ಸಹಕಾರಿಗಳಾಗಿ ಕರಗುತ್ತದೆ ಎಂಬ ಮಟ್ಟಿಗೆ ನೈಯಾಯಿಕರ ಮಾತೇ ಉಳಿಯುತ್ತದೆ. ಆದರೆ ಅವರ ದೃಷ್ಟಾಂತದಲ್ಲಿ ಮಣಿ ಬೆಂಕಿಯ ಪಕ್ಕದಲ್ಲಿರುತ್ತದೆ, ಬೆಂಕಿಯೊಳಗೆ ಇಳಿಯುವುದಿಲ್ಲ. ಮಣಿಯಿದ್ದಾಗಿನ ಬೆಂಕಿಯೂ ಇಲ್ಲದಾಗಿನ ಬೆಂಕಿಯೂ ಒಂದೇ ಎಂಬುದು ಅವರ ವಾದದ ಆಧಾರ. ಜೀವವಿರುವ ಕಾರಣದ ವಿಷಯದಲ್ಲಿ ಈ ಆಧಾರ ಕುಸಿಯುತ್ತದೆ. ಚಳಿಯೂ ಹಸಿವೂ ಆಲ್ಕೋಹಾಲೂ ಯೀಸ್ಟಿನ ಬಳಿ ಸುಮ್ಮನೆ ಇದ್ದು ಹೋಗುವುದಿಲ್ಲ, ಅದರೊಳಗೆ ಗುರುತು ಬಿಟ್ಟು ಹೋಗುತ್ತವೆ. ತಡೆಯನ್ನು ತೆಗೆದಾಗ ಉಳಿಯುವುದು ತಡೆಗೆ ಮುಂಚಿನ ಕಾರಣವಲ್ಲ, ತಡೆಯನ್ನು ಅನುಭವಿಸಿ ಬಂದ ಕಾರಣ. ಮೀಮಾಂಸಕರು ಹೆಸರಿಸಿದ ವಸ್ತು ತಪ್ಪಾಗಿದ್ದರೂ ಅವರು ಬೆರಳಿಟ್ಟ ಜಾಗ ಸರಿಯಾಗಿತ್ತು.

ನಿಂತದ್ದನ್ನು ಮರಳಿ ನಡೆಸುವ ಕ್ರಮ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಒಣ ಯೀಸ್ಟಿನ ಪೊಟ್ಟಣವೊಂದನ್ನು ಒಡೆದು ನಿಂತ ಬಿಯರಿನ ಮೇಲೆ ಉದುರಿಸುವುದು ಮೊದಲು ಹೊಳೆಯುವ ಉಪಾಯ, ಅದು ಬಹುಪಾಲು ವ್ಯರ್ಥವಾಗುತ್ತದೆ. ಆಗಷ್ಟೇ ನೀರುಂಡು ಎಚ್ಚರಗೊಳ್ಳುತ್ತಿರುವ ಕೋಶವು ಪೊರೆ ಇನ್ನೂ ಹದಕ್ಕೆ ಬಾರದ ಸ್ಥಿತಿಯಲ್ಲಿ ಆಲ್ಕೋಹಾಲಿರುವ, ಆಮ್ಲಜನಕವಿಲ್ಲದ, ಪೋಷಕಗಳು ತೀರಿದ ದ್ರವಕ್ಕೆ ಬೀಳುತ್ತದೆ. ಬಲ್ಲವರು ಬೇರೆ ಪಾತ್ರೆಯಲ್ಲಿ ಸ್ವಲ್ಪ ಹೊಸ ವರ್ಟ್ ಕಾಯಿಸಿ ಆರಿಸಿ, ಅದಕ್ಕೆ ಗಾಳಿ ಬೆರೆಸಿ, ಅಲ್ಲಿ ಯೀಸ್ಟನ್ನು ಬೆಳೆಸುತ್ತಾರೆ. ನೊರೆಯುಕ್ಕಿ ಹುದುಗುವಿಕೆ ಭರದಲ್ಲಿರುವಾಗ ನಿಂತ ಬಿಯರನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಸೇರಿಸಿ ಅದನ್ನು ಆಲ್ಕೋಹಾಲಿಗೆ ಒಗ್ಗಿಸುತ್ತಾರೆ. ಆಮೇಲೆ ಅದನ್ನು ದೊಡ್ಡ ಪಾತ್ರೆಗೆ ಸುರಿಯುತ್ತಾರೆ. ಜರ್ಮನಿಯ ತಯಾರಕರು ಉಕ್ಕುತ್ತಿರುವ ವರ್ಟನ್ನು, ಅವರ ಮಾತಿನಲ್ಲಿ ಕ್ರೌಸೆನ್ ಸ್ಥಿತಿಯಲ್ಲಿರುವುದನ್ನು, ಹಳೆಯ ಬಿಯರಿಗೆ ಬೆರೆಸುವ ಪದ್ಧತಿಯನ್ನು ಬಹುಕಾಲದಿಂದ ಇಟ್ಟುಕೊಂಡು ಬಂದಿದ್ದಾರೆ. ಹೀಗೆ ಬೆಳೆಸಿದ ಯೀಸ್ಟ್ ಶಾಸ್ತ್ರದ ಅರ್ಥದಲ್ಲಿ ಉತ್ತೇಜಕವೇ ಸರಿ, ಏಕೆಂದರೆ ತಡೆಯಾದ ಆಲ್ಕೋಹಾಲ್ ಅಲ್ಲಿಯೇ ಇದ್ದರೂ ಅದು ಕಾರ್ಯವನ್ನು ನಡೆಸುತ್ತದೆ. ಪೊಟ್ಟಣದ ಯೀಸ್ಟೂ ಪಾತ್ರೆಯಲ್ಲಿ ಬೆಳೆಸಿದ ಯೀಸ್ಟೂ ಜಾತಿಯಿಂದ ಒಂದೇ, ಕುಲದಿಂದ ಒಂದೇ. ಒಂದು ಉತ್ತೇಜಕವಾಗಿ ಇನ್ನೊಂದು ಆಗದಿರುವುದಕ್ಕೆ ಅವು ಕಳೆದುಬಂದ ದಿನಗಳ ಭೇದವಲ್ಲದೆ ಬೇರೆ ಕಾರಣವಿಲ್ಲ.

ಇಲ್ಲಿಗೆ ಬಂದ ಮೇಲೆ ಮದ್ಯದ ಪಾತ್ರೆಯು ಭಾರತೀಯ ದರ್ಶನಕ್ಕೆ ಹೊರಗಿನದಲ್ಲ ಎಂಬುದನ್ನು ನೆನೆಯಬೇಕು. ಚೈತನ್ಯದ ಹುಟ್ಟನ್ನು ವಿವರಿಸಲು ಚಾರ್ವಾಕರು ಆರಿಸಿಕೊಂಡದ್ದು ಇದೇ ದೃಷ್ಟಾಂತ: ಬಿಡಿಬಿಡಿಯಾಗಿ ಅಮಲಿಲ್ಲದ ವಸ್ತುಗಳನ್ನು ಕಿಣ್ವದೊಂದಿಗೆ ಬೆರೆಸಿದಾಗ ಮದಶಕ್ತಿ ಹೇಗೆ ಹುಟ್ಟುವುದೋ ಹಾಗೆಯೇ ಜಡವಾದ ಪೃಥಿವಿ, ನೀರು, ತೇಜಸ್ಸು, ವಾಯುಗಳು ದೇಹವಾಗಿ ಕೂಡಿದಾಗ ಚೈತನ್ಯ ಹುಟ್ಟುತ್ತದೆ, ಅದಕ್ಕೆ ಬೇರೆ ಆತ್ಮ ಬೇಡ. ಅವರ ಮೂಲಗ್ರಂಥ ಉಳಿದಿಲ್ಲವಾದರೂ ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು ಈ ಮತವನ್ನು ಪೂರ್ವಪಕ್ಷವಾಗಿ ಎತ್ತಿಕೊಂಡಿದ್ದಾರೆ; ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿ ಬಂದಿರುವ ಸರ್ವದರ್ಶನಸಂಗ್ರಹವು ತನ್ನ ಮೊದಲ ಪ್ರಕರಣವನ್ನೇ ಚಾರ್ವಾಕರಿಗೆ ಕೊಟ್ಟು ಇದನ್ನು ವಿವರಿಸಿದೆ. ಇಲ್ಲಿ ಕಿಣ್ವವೆಂದರೆ ಮಾಲ್ಟಿನೊಳಗಿನ ಕಿಣ್ವವಲ್ಲ, ಹುದುಗೆಬ್ಬಿಸುವ ಹೆಪ್ಪು; ಅದು ಏನೆಂಬುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುತ್ತದೆ: 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾದ ಆ ಗ್ರಂಥದ ಸುರಾಧ್ಯಕ್ಷ ಪ್ರಕರಣವು ಉದ್ದು, ಅಕ್ಕಿ ಮತ್ತು ಕೆಲವು ಮೂಲಿಕೆಗಳನ್ನು ಕೂಡಿಸಿ ಕಿಣ್ವ ಕಟ್ಟುವ ಕ್ರಮವನ್ನು ಹೇಳುತ್ತದೆ.

ಎದುರಾಳಿಗಳ ಉತ್ತರ ಎರಡು ದಾರಿ ಹಿಡಿಯಿತು. ಪ್ರತಿಯೊಂದು ಅಂಗದಲ್ಲಿಯೂ ಮದಶಕ್ತಿ ಸೂಕ್ಷ್ಮವಾಗಿ ಮೊದಲೇ ಇದ್ದು ಕೂಡಿದಾಗ ವ್ಯಕ್ತವಾಗುತ್ತದೆ, ಭೂತಗಳಲ್ಲಿ ಚೈತನ್ಯ ಹಾಗಿಲ್ಲ ಎಂದು ಸಾಂಖ್ಯಸೂತ್ರಗಳು ಹೇಳಿದವು. ಜಿನಭದ್ರರ ವಿಶೇಷಾವಶ್ಯಕಭಾಷ್ಯದ ಗಣಧರವಾದದಲ್ಲಿಯೂ ಧಾತಕೀ ಹೂವು ಮೊದಲಾದ ಒಂದೊಂದು ಮದ್ಯಾಂಗಕ್ಕೂ ಸ್ವಲ್ಪ ಸ್ವಲ್ಪ ಸಾಮರ್ಥ್ಯವಿದೆಯೆಂದು ಇದೇ ಜಾಡಿನ ಸಮಾಧಾನವಿದೆ. ಧರ್ಮಕೀರ್ತಿಯಂಥ ಬೌದ್ಧರು ಬೇರೆ ದಾರಿ ಹಿಡಿದು, ಒಂದು ವಿಜ್ಞಾನಕ್ಷಣಕ್ಕೆ ಹಿಂದಿನ ವಿಜ್ಞಾನಕ್ಷಣವೇ ಉಪಾದಾನ, ಆದ್ದರಿಂದ ಚೈತನ್ಯವು ಸಂತಾನವಾಗಿ, ಅಂದರೆ ಕಡಿಯದ ಸಾಲಾಗಿ, ಹರಿದುಬರುತ್ತದೆ ಎಂದರು. ಮದ್ಯವನ್ನು ವರ್ಜಿಸಿದ್ದ ಈ ಪರಂಪರೆಗಳು ಆತ್ಮದ ಪ್ರಶ್ನೆಯನ್ನು ಸುರೆಯ ಪಾತ್ರೆಯ ಮುಂದೆ ಇಷ್ಟು ಶ್ರದ್ಧೆಯಿಂದ ಬಿಡಿಸಿದ್ದು ಅವುಗಳ ಬೌದ್ಧಿಕ ಪ್ರಾಮಾಣಿಕತೆಗೆ ಸಾಕ್ಷಿ. ಆದರೂ ಕಿಣ್ವವನ್ನು ಬೆರೆಯುವ ವಸ್ತುಗಳಲ್ಲಿ ಒಂದಾಗಿ ಎಲ್ಲರೂ ಎಣಿಸಿದರು, ಅದು ಸ್ವತಃ ಜೀವಿಗಳ ನೆಲೆಯೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಯುರೋಪಿನಲ್ಲಿಯೂ ಹಾಗೆಯೇ ಇತ್ತು. 1516ರ ಬವೇರಿಯಾದ ಶಾಸನವು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇವಿಷ್ಟೇ ಇರಬೇಕೆಂದು ವಿಧಿಸುವಾಗ ಯೀಸ್ಟಿನ ಹೆಸರನ್ನೇ ಎತ್ತಲಿಲ್ಲ.

ಯೀಸ್ಟ್ ಜೀವಿಯೆಂದು 1837ರ ಸುಮಾರಿಗೆ ಕಾನ್ಯಾರ್ ದ ಲಾತೂರ್, ಶ್ವಾನ್ ಮತ್ತು ಕ್ಯೂಟ್ಸಿಂಗ್ ಬೇರೆಬೇರೆಯಾಗಿ ತೋರಿಸಿದರು. ಕೊಳೆಯುತ್ತಿರುವ ವಸ್ತುವಿನ ಚಲನೆ ಸಕ್ಕರೆಗೂ ಹರಡುವುದೇ ಹುದುಗುವಿಕೆ ಎಂದು ರಸಾಯನಶಾಸ್ತ್ರಜ್ಞ ಲೀಬಿಗ್ ವಿರೋಧಿಸಿದರು. 1857ರಿಂದ ಪಾಸ್ತರ್ ನಡೆಸಿದ ಪ್ರಯೋಗಗಳು ಹುದುಗುವಿಕೆ ಜೀವದ ಕಾರ್ಯವೆಂಬ ಪಕ್ಷವನ್ನು ಗೆಲ್ಲಿಸಿದವು. ಪಾಸ್ತರ್ ಅವರ ಗೆಲುವು ನಿಂತಷ್ಟು ಕಾಲ ಚಾರ್ವಾಕರ ದೃಷ್ಟಾಂತ ಅವರಿಗೇ ತಿರುಗುಬಾಣವಾಗಿತ್ತು: ಮದಶಕ್ತಿಯೇ ಜೀವದಿಂದ ಹುಟ್ಟುವುದಾದರೆ ಜಡದ ಕೂಡಿಕೆಯಿಂದ ಜೀವ ಹುಟ್ಟುವುದಕ್ಕೆ ಅದು ಉದಾಹರಣೆಯಾಗಲಾರದು, ಹೆಪ್ಪಿನಿಂದ ಮೊಸರು, ಆ ಮೊಸರಿನಿಂದ ಮತ್ತೆ ಹೆಪ್ಪು ಎಂಬ ಬೌದ್ಧರ ಸಂತಾನಕ್ಕೇ ಅದು ಹತ್ತಿರವಾಯಿತು. ಆದರೆ 1897ರಲ್ಲಿ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು ಹಿಂಡಿ ತೆಗೆದ, ಒಂದು ಕೋಶವೂ ಇಲ್ಲದ ರಸವು ಸಕ್ಕರೆಯನ್ನು ಹುದುಗಿಸುವುದನ್ನು ತೋರಿಸಿದರು. ಪಾಸ್ತರ್ ಸಿದ್ಧಾಂತದ ಮುಖ್ಯ ಕೊಂಡಿಯೊಂದು ಅಲ್ಲಿ ಸಡಿಲವಾಯಿತು.

ಮುಂದಿನ ಹೆಜ್ಜೆ ಈ ಪ್ರಬಂಧದ ಪ್ರಶ್ನೆಗೆ ನೇರವಾಗಿ ತಾಕುತ್ತದೆ. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಆ ರಸದ ಹುದುಗುವಿಕೆಯೂ ಬೇಗನೆ ಕುಗ್ಗುವುದನ್ನು ಕಂಡರು. ಕುಗ್ಗಿದ ರಸಕ್ಕೆ ಫಾಸ್ಫೇಟ್ ಲವಣವನ್ನು ಸೇರಿಸಿದಾಗ ಅದು ಮರಳಿ ಚುರುಕಾಯಿತು. 1906ರಲ್ಲಿ ಅವರು ರಸವನ್ನು ಜೆಲಟಿನ್ ಸೋಸುಪರದೆಯ ಮೂಲಕ ಒತ್ತಿ ಎರಡು ಪಾಲು ಮಾಡಿದರು: ಸೋಸಿ ಬಂದ ದ್ರವ ಹುದುಗಿಸಲಿಲ್ಲ, ಮೇಲೆ ಉಳಿದ ಗಷ್ಟೂ ಹುದುಗಿಸಲಿಲ್ಲ, ಎರಡನ್ನೂ ಕೂಡಿಸಿದಾಗ ಹುದುಗುವಿಕೆ ಮತ್ತೆ ನಡೆಯಿತು. ಅಂಗ ಅಂಗದಲ್ಲಿಯೂ ಶಕ್ತಿ ಮೊದಲೇ ಇದೆಯೆಂಬ ಸಾಂಖ್ಯಸೂತ್ರಗಳ ಉತ್ತರಕ್ಕೆ ಇದಕ್ಕಿಂತ ಗಟ್ಟಿಯಾದ ಪ್ರತ್ಯುತ್ತರ ಬೇಕಿಲ್ಲ, ಮತ್ತು ಇಷ್ಟರ ಮಟ್ಟಿಗೆ ಚಾರ್ವಾಕರು ಗೆದ್ದರೆಂದು ಅವರ ಎದುರಾಳಿಗಳ ಪರಂಪರೆಯಲ್ಲಿ ಬೆಳೆದವರೂ ಒಪ್ಪಬೇಕಾಗುತ್ತದೆ. ಆದರೆ ಹಾರ್ಡನ್ ಮತ್ತು ಯಂಗ್ ಬೇರ್ಪಡಿಸಿದ ಆ ಎರಡು ಪಾಲುಗಳು ಪೃಥಿವಿ, ನೀರುಗಳಂತೆ ಎಲ್ಲಿ ಬೇಕಾದರೂ ಬಿದ್ದಿರುವ ಭೂತಗಳಾಗಿರಲಿಲ್ಲ. ಜೀವಂತ ಯೀಸ್ಟ್ ತನ್ನ ಹಿಂದಿನ ಯೀಸ್ಟಿನಿಂದ ಪಡೆದುಕೊಂಡು ಬಂದ ಕಟ್ಟಣೆಯನ್ನು ಅರೆದಾಗ ಸಿಕ್ಕಿದ ಚೂರುಗಳು ಅವು. ಕೂಡಿಕೆಯಿಂದ ಶಕ್ತಿ ಹುಟ್ಟಬಹುದು ಎಂಬುದು ಈ ಪ್ರಯೋಗದಿಂದ ಸಿದ್ಧವಾಗುತ್ತದೆ; ಹಾಗೆ ಕೂಡಬಲ್ಲ ವಸ್ತುಗಳಿಗೆ ಇತಿಹಾಸ ಬೇಡವೆಂಬುದು ಸಿದ್ಧವಾಗುವುದಿಲ್ಲ. ಮದಶಕ್ತಿಯ ದೃಷ್ಟಾಂತವನ್ನು ಚೈತನ್ಯಕ್ಕೆ ಅನ್ವಯಿಸಬಯಸುವವರು ಯಾವ ಪಕ್ಷದವರೇ ಆಗಿರಲಿ, ಇನ್ನು ಮುಂದೆ ದೇಹದಲ್ಲಿ ಏನೇನು ಕೂಡಿದೆ ಎಂಬುದರ ಜೊತೆಗೆ ಆ ಕೂಡಿದ್ದು ಯಾವ ಯಾವ ಸ್ಥಿತಿಗಳನ್ನು ದಾಟಿ ಬಂದಿದೆ ಎಂಬುದನ್ನೂ ಕಾರಣಸಾಮಗ್ರಿಯೊಳಗೆ ಎಣಿಸಬೇಕಾಗುತ್ತದೆ.